ಆಮದು ಸುಂಕ, ಬೆಂಬಲ ಬೆಲೆ ಮತ್ತು ಒಂದು ಲೀಟರ್ ಹಾಲಿನ ಲೆಕ್ಕ

ಆಮದು ಸುಂಕ ಇಳಿಯಿತು, ಬೆಂಬಲ ಬೆಲೆ ಏರಿತು ಎಂಬ ಸುದ್ದಿ ಬಂದಾಗ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎರಡು ಮೂರು ಸೀಮೆಹಸು ಕಟ್ಟಿಕೊಂಡು ಬದುಕುವ ಕುಟುಂಬಗಳಿಗೆ ಅದು ದೂರದ ಮಾತೆನ್ನಿಸುವುದು ಸಹಜ. ಆದರೆ ಆ ಸುದ್ದಿ ಕೊಟ್ಟಿಗೆಗೆ ಬಂದೇ ಬರುತ್ತದೆ. ಹಾಲಿನ ದರದಲ್ಲಿ ಕಾಣಿಸಿಕೊಳ್ಳುವ ಮೊದಲೇ ಅದು ಪಶು ಆಹಾರದ ಮೂಟೆಯ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಅಂತಹ ಸುದ್ದಿಯೊಂದನ್ನು ಲೀಟರಿಗೆ ಎಷ್ಟು ರೂಪಾಯಿ ಎಂದು ನಾವೇ ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಬೇಕಾಗಿರುವುದು ನಮ್ಮದೇ ಲೆಕ್ಕ. ಡೈರಿಯಲ್ಲಿ ಕೊಡುವ ಚೀಟಿಯಿಂದ ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮತ್ತು ದರವನ್ನು ಪ್ರತಿದಿನ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಿ. ಅದರ ಪಕ್ಕದಲ್ಲಿ ಆಹಾರದ ಮೂಟೆ ತಂದ ಬೆಲೆಯನ್ನೂ ಬಿಚ್ಚಿದ ದಿನವನ್ನೂ ಬರೆಯಿರಿ. ನಮ್ಮ ಮನೆಯಲ್ಲಿ ಮೂಟೆ ಬಿಚ್ಚಿದ ಕೂಡಲೇ ಚೀಲದ ಮೇಲೆಯೇ ಇದ್ದಿಲಿನಿಂದ ತಾರೀಖು ಗೀಚುತ್ತೇವೆ. ಚೀಲ ಬರಿದಾದ ದಿನ ಆ ತಾರೀಖನ್ನು ನೋಡಿದರೆ ಮೂಟೆ ಎಷ್ಟು ದಿನ ಬಂತೆಂದು ತಿಳಿಯುತ್ತದೆ.

ಹಸುವಿನ ದೇಹ ಪೋಷಣೆಗೆ ದಿನಕ್ಕೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬುದು ಪಶು ಆಹಾರ ಕೊಡುವ ವಾಡಿಕೆಯ ಪ್ರಮಾಣ. ಈ ಲೆಕ್ಕದಲ್ಲಿ ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ ಐದೂವರೆ ಕಿಲೋ ಬೇಕು. ಐವತ್ತು ಕಿಲೋ ಮೂಟೆಯ ಬೆಲೆ 100 ರೂಪಾಯಿ ಏರಿದರೆ ಕಿಲೋಗೆ 2 ರೂಪಾಯಿ, ದಿನಕ್ಕೆ 11 ರೂಪಾಯಿ, ಅಂದರೆ ಲೀಟರಿಗೆ 1 ರೂಪಾಯಿ 10 ಪೈಸೆ ಹೆಚ್ಚುವರಿ ಖರ್ಚು. ನಮ್ಮಿಂದ ಹಾಲು ಕೊಳ್ಳುವ ಹಾಲು ಒಕ್ಕೂಟ ಲೀಟರಿಗೆ 1 ರೂಪಾಯಿ ಹೆಚ್ಚಿಸಿದ ವಾರದಲ್ಲೇ ಮೂಟೆಗೆ 100 ರೂಪಾಯಿ ಏರಿದರೆ, ದರ ಏರಿಕೆಯಿಂದ ನಮ್ಮ ಕೈಗೆ ಏನೂ ಉಳಿಯುವುದಿಲ್ಲ.

ಈಗ ಬೆಂಬಲ ಬೆಲೆಗೆ ಬರೋಣ. ಕೇಂದ್ರ ಸರ್ಕಾರವು 22 ಬೆಳೆಗಳಿಗೆ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ. ಹಾಲು ಆ ಪಟ್ಟಿಯಲ್ಲಿಲ್ಲ. ಆದರೆ ಹಸು ತಿನ್ನುವ ಎರಡು ಬೆಳೆಗಳು ಅದರಲ್ಲಿವೆ. ಮೆಕ್ಕೆಜೋಳದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 2,225 ರೂಪಾಯಿ ಇದ್ದದ್ದು 2025-26ಕ್ಕೆ 2,400 ಆಯಿತು. ಎಥನಾಲ್ ಕಾರ್ಖಾನೆಗಳೂ ಅದೇ ಮೆಕ್ಕೆಜೋಳವನ್ನು ಕೊಳ್ಳುತ್ತಿರುವುದರಿಂದ ಪೈಪೋಟಿ ಹೆಚ್ಚಿದ ವರ್ಷಗಳಲ್ಲಿ ಪಶು ಆಹಾರ ದುಬಾರಿಯಾಗುತ್ತದೆ. ಹಾಗೆಂದು ಬೆಂಬಲ ಬೆಲೆ ಏರಿದ ಕೂಡಲೇ ಮೂಟೆಯ ಬೆಲೆ ಏರಲೇಬೇಕೆಂದಿಲ್ಲ. 2025ರ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮೆಕ್ಕೆಜೋಳದ ಮಾರುಕಟ್ಟೆ ದರವು ಬೆಂಬಲ ಬೆಲೆಗಿಂತ ಕೆಳಗಿಳಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. ಆದುದರಿಂದ ಘೋಷಣೆಯ ಅಂಕಿಯನ್ನಲ್ಲ, ಎಪಿಎಂಸಿಯ ದರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ರಾಗಿಯ ವಿಷಯ ಬೇರೆ. 2025-26ಕ್ಕೆ ಅದರ ಬೆಂಬಲ ಬೆಲೆ 4,886 ರೂಪಾಯಿ. ನಮ್ಮ ಬಯಲುಸೀಮೆಯಲ್ಲಿ ರಾಗಿ ಬಿತ್ತುವವರು ಹೆಚ್ಚಿದರೆ ಹುಲ್ಲಿನ ಮೆದೆಗಳೂ ಹೆಚ್ಚುತ್ತವೆ, ಬೇಸಿಗೆಯಲ್ಲಿ ಹುಲ್ಲು ಕೊಳ್ಳುವ ಖರ್ಚು ತಗ್ಗುತ್ತದೆ. ರಾಗಿಗೆ ಒಳ್ಳೆಯ ಬೆಲೆ ಸಿಗಬೇಕೆಂದು ಹಾಲು ಉತ್ಪಾದಕರೂ ದನಿಗೂಡಿಸಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸುಂಕದ ಲೆಕ್ಕ ಸ್ವಲ್ಪ ಉದ್ದವಾದುದು. ಕೆನೆರಹಿತ ಹಾಲಿನ ಪುಡಿಗೆ ಆಮದು ಸುಂಕ ಶೇ 60, ಮೆಕ್ಕೆಜೋಳಕ್ಕೆ ಶೇ 50. ಆದರೆ 2024ರ ಜೂನ್‌ನಲ್ಲಿ ಕೇಂದ್ರವು 10,000 ಟನ್ ಹಾಲಿನ ಪುಡಿಯನ್ನೂ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನೂ ಶೇ 15ರ ಸುಂಕದಲ್ಲಿ ತರಿಸಲು ಅನುಮತಿ ನೀಡಿತು. ಒಂದೇ ಆದೇಶದಲ್ಲಿ ಹಾಲಿನ ದರವನ್ನು ತಗ್ಗಿಸಬಹುದಾದದ್ದೂ ಮೇವಿನ ದರವನ್ನು ತಗ್ಗಿಸಬಹುದಾದದ್ದೂ ಇದ್ದವು ಎಂಬುದನ್ನು ಗಮನಿಸಿ.

ನೂರು ಲೀಟರ್ ಹಾಲಿನಿಂದ ಸುಮಾರು ಎಂಟೂವರೆ ಕಿಲೋ ಪುಡಿ ಸಿಗುತ್ತದೆ. ಅಗ್ಗದ ಆಮದಿನಿಂದ ಪುಡಿಯ ಬೆಲೆ ಕಿಲೋಗೆ 20 ರೂಪಾಯಿ ಇಳಿಯಿತೆಂದು ಇಟ್ಟುಕೊಳ್ಳೋಣ. ನೂರು ಲೀಟರಿಗೆ 170, ಲೀಟರಿಗೆ 1 ರೂಪಾಯಿ 70 ಪೈಸೆ ನಷ್ಟ. ಆದರೆ ಒಕ್ಕೂಟವು ತನ್ನ ಹಾಲಿನಲ್ಲಿ ಐದನೇ ಒಂದು ಭಾಗವನ್ನು ಮಾತ್ರ ಪುಡಿ ಮಾಡಿ ಉಳಿದದ್ದನ್ನು ಪ್ಯಾಕೆಟ್‌ನಲ್ಲಿ ಮಾರುತ್ತಿದ್ದರೆ, ಆ ನಷ್ಟವನ್ನು ಎಲ್ಲ ಹಾಲಿನ ಮೇಲೆ ಹಂಚಿದಾಗ ಲೀಟರಿಗೆ 34 ಪೈಸೆ ಮಾತ್ರ. ಆದ್ದರಿಂದ ಸಂಘದ ವಾರ್ಷಿಕ ಮಹಾಸಭೆಯಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಒಕ್ಕೂಟದ ಹಾಲಿನಲ್ಲಿ ಎಷ್ಟು ಪಾಲು ಪುಡಿಗೆ ಹೋಗುತ್ತಿದೆ? ಮಳೆ ಬಿದ್ದು ಹಸಿರು ಮೇವು ಸೊಂಪಾಗಿ, ಹಾಲು ಉಕ್ಕಿ ಬರುವ ತಿಂಗಳುಗಳಲ್ಲಿ ಈ ಪಾಲು ಏರುತ್ತದೆ. ಖರೀದಿ ದರ ಇಳಿಸುವ ಮಾತು ಕೇಳಿಬರುವುದೂ ಆಗಲೇ.

ಸುಂಕ ಪೂರ್ತಿ ಕುಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕೇಳಿದರೆ ಸಾಕು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ ವರ್ಷ ಗೂಡಿನ ದರ ನೆಲಕಚ್ಚಿತು. 2019ರ ನವೆಂಬರ್‌ನಲ್ಲಿ ಭಾರತವು ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹೊರಗುಳಿದಾಗ, ನ್ಯೂಜಿಲೆಂಡ್‌ನ ಹಾಲಿನ ಪುಡಿಗೆ ಹೆದರಿದ್ದ ಹೈನುಗಾರರು ನಿಟ್ಟುಸಿರು ಬಿಟ್ಟದ್ದಕ್ಕೆ ಅರ್ಥವಿತ್ತು. ಹೊಸ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಹೈನು ಉತ್ಪನ್ನಗಳನ್ನು ಅದರಿಂದ ಹೊರಗಿಟ್ಟಿದ್ದಾರೆಯೇ ಎಂಬ ಒಂದು ಅಂಶವನ್ನು ಮೊದಲು ಹುಡುಕಿ.

ಇನ್ನು ರಾಜ್ಯದ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ, 2013ರಲ್ಲಿ 4, ಬಳಿಕ 5 ರೂಪಾಯಿಗೆ ಬಂದಿದೆ. ಹತ್ತು ಲೀಟರಿಗೆ ದಿನಕ್ಕೆ 50 ರೂಪಾಯಿ ಸಣ್ಣ ಮೊತ್ತವೇನಲ್ಲ. ಆದರೆ ಇದು ಬಜೆಟ್ಟಿನಿಂದ ಬರುವ ಹಣ. ವಾರದ ಬಟವಾಡೆಯ ಜೊತೆಗೆ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಈ ಹಣವನ್ನು ನಂಬಿ ಅಂಗಡಿಯಲ್ಲಿ ಹಿಂಡಿ ಸಾಲ ತಂದು ನಾನೇ ಒಂದು ವರ್ಷ ಪೇಚಾಡಿದ್ದೇನೆ. ಪುಸ್ತಕದಲ್ಲಿ ಇದಕ್ಕೆ ಬೇರೆ ಪುಟವಿರಲಿ. ಬ್ಯಾಂಕ್ ಖಾತೆಗೆ ಜಮೆಯಾದ ದಿನವೇ ಅದನ್ನು ಆದಾಯವೆಂದು ಬರೆಯಿರಿ, ಮತ್ತು ಕರು ಹಾಕುವ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ ಹಸು ಬತ್ತಿಸಿದ ಎರಡು ತಿಂಗಳ ಮೇವಿನ ಖರ್ಚಿಗೆಂದು ಅದನ್ನು ತೆಗೆದಿಡಿ.