ಕೊನೆಗೌಡನ ಮೊಣಕಾಲು: ಒಂದು ಬೈಕ್ ಅಪಘಾತದ ಪರಿಹಾರ ಅರ್ಜಿ ನಡೆಸಿದ ಅನುಭವ

ಬೈಕ್ ಅಪಘಾತದಲ್ಲಿ ಗಾಯಗೊಂಡವರು ನನ್ನ ಆಫೀಸಿಗೆ ಬಂದರೆ ಮೊದಲು ಮೇಜಿನ ಮೇಲಿಡುವುದು ಆಸ್ಪತ್ರೆಯ ಕಾಗದ. 'ಡಾಕ್ಟ್ರು ಇಷ್ಟು ಪರ್ಸೆಂಟ್ ಬರೆದಿದಾರೆ, ಎಷ್ಟು ಸಿಗ್ತದೆ?' ಎಂಬುದು ಮೊದಲ ಪ್ರಶ್ನೆ. ನಾನು ಆ ಕಾಗದ ಬದಿಗಿಟ್ಟು ಬೇರೆಯದನ್ನೇ ಕೇಳುತ್ತೇನೆ: ಬೆಳಿಗ್ಗೆ ಎದ್ದು ನೀವು ಮಾಡುತ್ತಿದ್ದ ಕೆಲಸ ಯಾವುದು, ಈಗ ಅದರಲ್ಲಿ ಎಲ್ಲಿ ತಡೆಯುತ್ತದೆ? ಶಿರಸಿಯಲ್ಲಿ ವಕೀಲಿಕೆ ಮಾಡುತ್ತ ಮೋಟಾರು ಅಪಘಾತದ ಅರ್ಜಿಗಳನ್ನು ನಡೆಸಿದ ನನಗೆ, ಪರಿಹಾರದ ಮೊತ್ತ ಏರುವುದೂ ಇಳಿಯುವುದೂ ಈ ಉತ್ತರವನ್ನು ಎಷ್ಟು ಗಟ್ಟಿಯಾಗಿ ಸಾಬೀತು ಮಾಡುತ್ತೇವೆ ಎಂಬುದರ ಮೇಲೆಯೇ ಎಂದು ಮನದಟ್ಟಾಗಿದ್ದು ಒಬ್ಬ ಕೊನೆಗೌಡನ ಕೇಸಿನಲ್ಲಿ. ಆತನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ.

ಘಟ್ಟದ ಮೇಲಿನವರಿಗೆ ಕೊನೆಗೌಡ ಯಾರೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ: ಅಡಿಕೆ ಮರ ಹತ್ತುವುದೇ ಕಸುಬಾದವನು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾನೆ, ಚಳಿಗಾಲದಲ್ಲಿ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುತ್ತಾನೆ. ನುರಿತವನಾದರೆ ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ಹಾಗೇ ದಾಟಿಕೊಳ್ಳುತ್ತಾನೆ, ಕೆಳಗಿಳಿಯುವುದಿಲ್ಲ. ನನ್ನ ಕಕ್ಷಿದಾರ ಅಂಥವನು, ವಯಸ್ಸು 38.

ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ, ಎದುರು ಏರಿ ಬಂದ ಟಿಪ್ಪರ್ ತಿರುವನ್ನು ಕತ್ತರಿಸಿಕೊಂಡು ಇವನ ಬದಿಗೇ ಬಂತು. ಬಲಗಾಲು ಬಂಪರಿಗೆ ಸಿಕ್ಕಿ ಮೊಣಕಾಲಿನ ಕೆಳಗಿನ ಎಲುಬು ಕೀಲಿನ ಹತ್ತಿರವೇ ಒಡೆಯಿತು. ಹಿಂದೆ ಬರುತ್ತಿದ್ದ ಹುಡುಗರು ಓಮ್ನಿಯಲ್ಲಿ ಹಾಕಿಕೊಂಡು ಕುಮಟೆಯ ಆಸ್ಪತ್ರೆಗೆ ತಂದರು. ಅಲ್ಲಿಂದ ಮಣಿಪಾಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲುಬು ಪುಡಿಯಾದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೂಗಿದ್ದು ಸುಮ್ಮನೆ ಅಲ್ಲ. ಕೇಸಿನ ದೃಷ್ಟಿಯಿಂದ ಇದಕ್ಕೊಂದು ಅರ್ಥವಿದೆ. ಆಂಬುಲೆನ್ಸ್ ಬಾಡಿಗೆ, ನೋಡಿಕೊಳ್ಳಲು ಹೋದವರ ಊಟ, ವಸತಿ, ಮತ್ತೆ ಮತ್ತೆ ತೋರಿಸಲು ಹೋದ ಬಸ್ಸು, ಕಾರಿನ ಖರ್ಚು ನಮ್ಮವರಿಗೆ ಬೇರೆ ಜಿಲ್ಲೆಯವರಿಗಿಂತ ಹೆಚ್ಚು, ಮತ್ತು ಅದೆಲ್ಲವೂ ಪರಿಹಾರದಲ್ಲಿ ಕೇಳಬಹುದಾದ ಬಾಬು. ರಸೀದಿ ಮಾತ್ರ ಬೇಕು.

ನಾನು ಮೊದಲು ತರಿಸಿದ್ದು ಎಫ್‌ಐಆರ್ ಅಲ್ಲ, ಕುಮಟೆಯ ಆಸ್ಪತ್ರೆಯಲ್ಲಿ ಆ ರಾತ್ರಿ ಬರೆದುಕೊಂಡ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ದಾಖಲೆ, ಅಂದರೆ ಗಾಯ ಹೇಗಾಯಿತೆಂದು ಆಸ್ಪತ್ರೆಯವರು ಬರೆದಿಡುವುದು. ಗಾಯಾಳುವನ್ನು ಕರೆತಂದವರು ಗಡಿಬಿಡಿಯಲ್ಲಿ 'ಬೈಕಿಂದ ಬಿದ್ದಿದ್ದು' ಅನ್ನುತ್ತಾರೆ, ಕರ್ತವ್ಯದಲ್ಲಿದ್ದವರು 'ಸ್ಕಿಡ್ ಆಗಿ ಬಿದ್ದು ಗಾಯ' ಎಂದು ಬರೆಯುತ್ತಾರೆ. ಆ ಒಂದು ಸಾಲು ಸಾಕು. ಬೇರೆ ವಾಹನವೇ ಇರಲಿಲ್ಲ, ಆಮೇಲೆ ವಿಮೆಯ ಆಸೆಗೆ ಟಿಪ್ಪರ್ ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದ ಕಟ್ಟುತ್ತದೆ. ನಮ್ಮ ಪುಣ್ಯಕ್ಕೆ ಇಲ್ಲಿ 'ಟಿಪ್ಪರ್ ಡಿಕ್ಕಿ' ಎಂದೇ ಇತ್ತು. ಕರೆತಂದ ಹುಡುಗ ಅಷ್ಟು ಬಿಡಿಸಿ ಹೇಳಿದ್ದ, ಜೊತೆಗೆ ಮೊಬೈಲಿನಲ್ಲಿ ಫೋಟೋವನ್ನೂ ತೆಗೆದಿದ್ದ. ಆ ಫೋಟೋದಲ್ಲಿ ಟಿಪ್ಪರಿನ ಮುಂದಿನ ಚಕ್ರ ನಡುವಿನ ಬಿಳಿ ಗೆರೆ ದಾಟಿ ನಿಂತದ್ದು, ಬೈಕಿನ ಹೆಡ್‌ಲೈಟಿನ ಗಾಜು ಎಡಬದಿಯ ಚರಂಡಿಯ ಅಂಚಿಗೆ ಚೆಲ್ಲಿದ್ದು ಎರಡೂ ಇದ್ದವು. ಮಳೆಗೆ ಮರುದಿನದ ಪಂಚನಾಮೆ ಹೊತ್ತಿಗೆ ರಸ್ತೆ ತೊಳೆದಿಟ್ಟ ಹಾಗಾಗಿತ್ತು. ಘಟ್ಟದಲ್ಲಿ ಮಳೆಗಾಲದ ಅಪಘಾತವೆಂದರೆ ಆ ಅರ್ಧ ಗಂಟೆಯ ಫೋಟೋವೇ ಸಾಕ್ಷಿ.

ಕರೆತರುವವರು ಪೊಲೀಸ್, ಕೋರ್ಟು ಎಂದು ಹೆದರುವುದು ಈಗ ಅನಗತ್ಯ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅಂಥವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಿಯೇ ತೀರಬೇಕೆಂಬ ಬಲವಂತವೂ ಇಲ್ಲ. ಕರ್ನಾಟಕದಲ್ಲಂತೂ ಇದಕ್ಕೆಂದೇ 2016ರ ಪ್ರತ್ಯೇಕ ಕಾಯ್ದೆಯಿದೆ. ನಮ್ಮ ಹುಡುಗ ತಾನಾಗಿಯೇ ಸಾಕ್ಷಿ ಹೇಳಿದ, ಅದು ಬೇರೆ ಮಾತು.

ದೂರು ಕೊಟ್ಟಿದ್ದು ಕೆಲವು ದಿನ ತಡವಾಗಿ. ಹೆಂಡತಿ, ತಮ್ಮ ಎಲ್ಲರೂ ಮಣಿಪಾಲದಲ್ಲಿದ್ದರು, ದೂರು ಕೊಡಲು ಕುಮಟೆಗೆ ಬರುವವರು ಯಾರು? ಕಂಪನಿ ಇದನ್ನೇ ಹಿಡಿದು ಜಗ್ಗಿತು. ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ: ಗಾಯಾಳುವಿನ ಮನೆಯವರು ಮೊದಲು ಚಿಕಿತ್ಸೆ ನೋಡುತ್ತಾರೆ, ಠಾಣೆಗೆ ಓಡುವುದಿಲ್ಲ, ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಅರ್ಜಿಯನ್ನು ಅನುಮಾನಿಸಬಾರದು. ತಡ ಯಾಕಾಯಿತೆಂದು ದೂರಿನಲ್ಲೇ ಎರಡು ಸಾಲು ಬರೆದಿದ್ದರೆ ಸಾಕು.

ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದು ಶಿರಸಿಯಲ್ಲಿ. ಅಪಘಾತ ಕುಮಟಾ ಠಾಣೆಯ ವ್ಯಾಪ್ತಿಯಲ್ಲಾದರೆ ಅಲ್ಲಿಯೇ ಅಲೆಯಬೇಕೆಂದು ಬಹಳ ಜನ ತಿಳಿದಿದ್ದಾರೆ. ಮೋಟಾರು ವಾಹನ ಕಾಯ್ದೆಯ 166(2)ರ ಪ್ರಕಾರ ಅಪಘಾತವಾದ ಕಡೆ, ಇಲ್ಲವೇ ಗಾಯಾಳು ವಾಸಿಸುವ ಅಥವಾ ದುಡಿಯುವ ಕಡೆ, ಇಲ್ಲವೇ ಎದುರುದಾರ ಇರುವ ಕಡೆ ಹಾಕಬಹುದು. ಊರುಗೋಲು ಹಿಡಿದವನಿಗೆ ಘಟ್ಟ ಇಳಿದು ಹತ್ತುವ ಕಷ್ಟ ತಪ್ಪುವುದೂ ಒಂದು ಪರಿಹಾರವೇ.

ಗಡುವಿನ ವಿಷಯ ಮಾತ್ರ ಎಲ್ಲರೂ ಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕು. 1994ರ ತಿದ್ದುಪಡಿಯ ನಂತರ ಈ ಅರ್ಜಿಗಳಿಗೆ ಕಾಲಮಿತಿಯೇ ಇರಲಿಲ್ಲ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಂದು ಜಾರಿಗೆ ಬಂದಾಗ 166(3)ರಲ್ಲಿ 6 ತಿಂಗಳ ಮಿತಿ ಮರಳಿ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ, ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಯಿತು. ಆದರೂ ಮಧ್ಯಂತರ ಆದೇಶ ನಂಬಿ ಕೂರುವ ಪೈಕಿ ನಾನಲ್ಲ. ಎಲುಬು ಕೂಡುವವರೆಗೆ ಕಾಯಬೇಡಿ. ಅರ್ಜಿ ಹಾಕಿ, ಅಂಗವೈಕಲ್ಯದ ದಾಖಲೆ ಆಮೇಲೆ ಕೊಡಿ.

ಇನ್ನು ಲೈಸೆನ್ಸ್. ಇವನ ಬಳಿ ಇದ್ದದ್ದು ಕಲಿಕಾ ಲೈಸೆನ್ಸ್, ಅದೂ ಅವಧಿ ಮುಗಿದದ್ದು. ಹಳ್ಳಿಯ ಕಡೆ ಇದು ದೊಡ್ಡ ಹೆದರಿಕೆ. 'ಲೈಸೆನ್ಸ್ ಇಲ್ಲ, ಹಾಗಾಗಿ ಏನೂ ಸಿಗೂದಿಲ್ಲ' ಎಂದು ಯಾರೋ ಹೇಳಿ ಆತ ಅರ್ಜಿಯನ್ನೇ ಕೈಬಿಡುವವನಿದ್ದ. ಲೈಸೆನ್ಸ್ ಇಲ್ಲದೆ ಓಡಿಸಿದ್ದು ತಪ್ಪು, ಅದಕ್ಕೆ ದಂಡ ಕಟ್ಟಬೇಕು. ಆದರೆ ಅಪಘಾತಕ್ಕೆ ಅದೇ ಕಾರಣವೇ? ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಸವಾರನೂ ನಿರ್ಲಕ್ಷ್ಯದ ಪಾಲುದಾರ ಎನ್ನಲಾಗದು. ಬೇರೆ ಕೇಸುಗಳಲ್ಲಿ ಬರುವ, ಬೈಕಿನ ಮೇಲೆ ಮೂರು ಜನ ಕೂತಿದ್ದರೆಂಬ ವಾದಕ್ಕೂ 2020ರಲ್ಲಿ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಉತ್ತರ ಸಿಕ್ಕಿದೆ. ಹೆಲ್ಮೆಟ್ ಇಲ್ಲವೆಂದು ಮೊಣಕಾಲಿನ ಪರಿಹಾರ ಕಡಿಮೆ ಮಾಡಿ ಎಂದವರನ್ನೂ ನಾನು ನೋಡಿದ್ದೇನೆ. ಇವನು ಹೆಲ್ಮೆಟ್ ಹಾಕಿದ್ದ, ಅದಕ್ಕೇ ಇವತ್ತು ಮಾತಾಡುತ್ತಿದ್ದಾನೆ.

ಇಷ್ಟೆಲ್ಲ ಆದಮೇಲೆ ನಿಜವಾದ ಜಗಳ ಶುರುವಾಯಿತು.

ವೈದ್ಯರು ಬರೆದದ್ದು ಬಲಗಾಲಿಗೆ 36 ಪ್ರತಿಶತ. ಕೋರ್ಟುಗಳಲ್ಲಿ ಕಾಲಿನ ಲೆಕ್ಕವನ್ನು ಇಡೀ ದೇಹಕ್ಕೆ ತರುವಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಹಿಡಿಯುತ್ತಾರೆ, ಅಂದರೆ 12. ಕಂಪನಿಯ ವಕೀಲರು ಆ 12ಕ್ಕೇ ಅಂಟಿಕೊಂಡರು. ತಿಂಗಳಿಗೆ 15,000 ರೂಪಾಯಿ ಆದಾಯ, ವರ್ಷಕ್ಕೆ 1,80,000. ಸರಳಾ ವರ್ಮಾ ತೀರ್ಪಿನ (2009) ಪಟ್ಟಿಯಂತೆ 36ರಿಂದ 40 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 15. ಅಲ್ಲಿಗೆ 27 ಲಕ್ಷ. ಅದರ 12 ಪ್ರತಿಶತ 3,24,000. ಅವರ ಲೆಕ್ಕದಲ್ಲಿ ಮುಂದಿನ ಗಳಿಕೆಯ ನಷ್ಟ ಇಷ್ಟೇ.

ನನ್ನ ಲೆಕ್ಕಕ್ಕೆ ಎರಡು ಆಧಾರವಿತ್ತು. ಒಂದು, ಸ್ವಂತ ದುಡಿಮೆಯ, 40 ತುಂಬದವನ ಆದಾಯಕ್ಕೆ ಮುಂದಿನ ಏರಿಕೆಯೆಂದು 40 ಪ್ರತಿಶತ ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳುತ್ತದೆ. ಸಾವಿನ ಪ್ರಕರಣದ ಆ ನಿಯಮ ಶಾಶ್ವತ ಅಂಗವೈಕಲ್ಯಕ್ಕೂ ಸಲ್ಲುತ್ತದೆಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಸ್ಪಷ್ಟ ಮಾಡಿತು. 15,000 ಆಗ 21,000 ಆಗುತ್ತದೆ, ಗುಣಿಸಿದರೆ 37,80,000. ಎರಡನೆಯದು, ಮತ್ತು ದೊಡ್ಡದು, 2011ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್. ದೇಹಕ್ಕೆ ಎಷ್ಟು ಊನ ಎಂಬುದು ಬೇರೆ, ಗಳಿಕೆಯ ಶಕ್ತಿ ಎಷ್ಟು ಹೋಯಿತು ಎಂಬುದು ಬೇರೆ ಎನ್ನುತ್ತದೆ ಅದು. ಎಡಗೈ ಕಳೆದುಕೊಂಡ ಚಾಲಕನ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಂತೀತು, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ಸಂಬಳ ನಿಲ್ಲಬೇಕೆಂದಿಲ್ಲ.

ಸರಿ, ತೀರ್ಪು ಓದಿದರೆ ಸಾಲದು, ತೋರಿಸಬೇಕಲ್ಲ. ಒಂದು ತೋಟಕ್ಕೆ ಹೋಗಿ ಬೇರೊಬ್ಬ ಕೊನೆಗೌಡ ಮರ ಹತ್ತುವುದನ್ನು ವಿಡಿಯೋ ಮಾಡಿಸಿದೆ. ಎರಡೂ ಪಾದಕ್ಕೆ ತಳೆ (ಕಾಲಿಗೆ ಹಾಕುವ ಬಳೆ) ಸಿಕ್ಕಿಸಿ, ಮರ ತಬ್ಬಿ, ಮೊಣಕಾಲು ಎದೆಯ ಹತ್ತಿರ ಬರುವಷ್ಟು ಮಡಚಿ, ಪಾದ ಒತ್ತಿ ಮೈ ಮೇಲೆತ್ತುವುದು. ಪ್ರತಿ ಸಲವೂ ಇಡೀ ಭಾರ ಎರಡು ಮೊಣಕಾಲಿನ ಮೇಲೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಸಾಕ್ಷಿಗೆ ಕೇಳಿಕೊಂಡೆ. ಚಿಕಿತ್ಸೆ ಕೊಡದ, ಬರೀ ಸರ್ಟಿಫಿಕೇಟ್ ಬರೆದ ವೈದ್ಯರ ಮಾತಿಗೆ ಪಾಟೀಸವಾಲಿನಲ್ಲಿ ಬೆಲೆ ಉಳಿಯುವುದಿಲ್ಲ. ಮೊಣಕಾಲು ಲಂಬಕೋನದಷ್ಟೂ ಮಡಚುವುದಿಲ್ಲ ಎಂದು ಅವರು ಹೇಳಿದರು. ವಿಡಿಯೋ ತೋರಿಸಿ 'ಈ ಕೆಲಸ ಸಾಧ್ಯವೇ?' ಎಂದೆ. 'ಇಲ್ಲ' ಎಂದರು. ಆ ಒಂದು 'ಇಲ್ಲ' ಸರ್ಟಿಫಿಕೇಟಿನ 36ಕ್ಕಿಂತ ಹೆಚ್ಚು ತೂಗಿತು.

ಆದಾಯದ ಸಾಕ್ಷಿಗೆ ಪರದಾಡಬೇಕಾಯಿತು. ಕೊನೆಗೌಡನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆತ ವರ್ಷಾನುಗಟ್ಟಲೆ ಕೊಯ್ಲು ಮಾಡಿದ ತೋಟದ ಹೆಗಡೇರ ಹತ್ತಿರ ಲೆಕ್ಕದ ಪುಸ್ತಕವಿತ್ತು. ತಾರೀಕು, ಇಳಿಸಿದ ಕೊನೆಗಳ ಸಂಖ್ಯೆ, ಕೊಟ್ಟ ಮುಂಗಡ, ಮದ್ದು ಹೊಡೆದ ದಿನದ ಕೂಲಿ, ಎಲ್ಲ ಅವರದೇ ಅಕ್ಷರದಲ್ಲಿ, ಕೆಲವು ಪುಟಗಳ ಅಂಚಿಗೆ ಅಡಿಕೆ ಚೊಗರಿನ ಕಲೆ. 'ಕೋರ್ಟು-ಗೀರ್ಟು ಎಲ್ಲ ಬ್ಯಾಡ ಮಾರಾಯ, ಆನು ಬತ್ನಿಲ್ಲೆ' ಅಂದರು. ಅವರ ಹೆದರಿಕೆ ತಮ್ಮ ಲೆಕ್ಕ ಬಯಲಾಗುತ್ತದೆಂದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂದು ಕವಳದ ತಟ್ಟೆಯ ಮುಂದೆ ಕೂತು ವಿವರಿಸಿದ ಮೇಲೆ ಪುಸ್ತಕ ಕಂಕುಳಲ್ಲಿ ಹಿಡಿದು ಬಂದೇ ಬಂದರು. ಇಂಥ ಪುಸ್ತಕ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಳಿಗೆಂದು ಮಾಡಿದ ಆದಾಯದ ಪಟ್ಟಿಯೇ ಗತಿ.

ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು ಜಾಣ ಪ್ರಶ್ನೆ ಹಾಕಿದರು, ಒಪ್ಪಬೇಕು: 'ಮರ ಹತ್ತದಿದ್ದರೇನು, ಕೂತು ಅಡಿಕೆ ಸುಲಿಯಬಹುದಲ್ಲ?' ಇವನೆಂದ: 'ಮೆಟ್ಟುಗತ್ತಿ ಮುಂದೆ ಕೂತ್ಕೊಳ್ಳೂಕೆ ಕಾಲು ಮಡಚಬೇಕಲ್ರಾ. ಮತ್ತೆ ಸುಲಿಯೂ ಕೆಲಸ ವರ್ಷಪೂರ್ತಿ ಎಲ್ಲಿ ಇರ್ತದೆ?' ನಾನು ಹೇಳಿಕೊಟ್ಟ ಉತ್ತರ ಅಲ್ಲ ಅದು.

ನ್ಯಾಯಮಂಡಳಿ ಪೂರ್ತಿ ಒಪ್ಪಲಿಲ್ಲ. ಮರ ಹತ್ತುವ ಕಸುಬು ನಿಂತಿದೆ, ಆದರೆ ಬೇರೆ ಹಗುರ ಕೆಲಸಕ್ಕೆ ಅವಕಾಶವಿದೆ ಎಂದು ಗಳಿಕೆಯ ನಷ್ಟವನ್ನು 40 ಪ್ರತಿಶತಕ್ಕೆ ನಿಲ್ಲಿಸಿತು. 37,80,000ದಲ್ಲಿ 40 ಪ್ರತಿಶತ 15,12,000. ಆಸ್ಪತ್ರೆ ಖರ್ಚು, ಚಿಕಿತ್ಸೆಯ ತಿಂಗಳುಗಳ ದುಡಿಮೆ, ನೋವು, ಬದುಕಿನ ಸುಖ ಕಳೆದದ್ದು, ಮುಂದೆ ಎಲುಬಿಗೆ ಹಾಕಿದ ಪ್ಲೇಟ್ ತೆಗೆಸುವ ವೆಚ್ಚ, ಇವೆಲ್ಲ ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ. ನನ್ನ ಮಟ್ಟಿಗೆ 40 ಕಡಿಮೆಯೇ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗೋಣವೆಂದೆ. 'ಸಾಕು ವಕೀಲ್ರೆ, ಇನ್ನೂ ಎಷ್ಟು ವರ್ಷ' ಎಂದ. ಅವನ ಕಾಲು, ಅವನ ತೀರ್ಮಾನ. ನಡುವೆ ಲೋಕ ಅದಾಲತ್‌ನಲ್ಲಿ ಕಂಪನಿ ಮುಂದಿಟ್ಟ ಮೊತ್ತಕ್ಕೆ ಒಪ್ಪದೇ ಇದ್ದದ್ದಂತೂ ಸರಿಯಾಯಿತು. ಅಲ್ಲಿ ಸಹಿ ಹಾಕಿದರೆ ಮೇಲ್ಮನವಿಯ ದಾರಿ ಮುಚ್ಚಿತೆಂದೇ ಲೆಕ್ಕ.

ಎಲ್ಲ ಬೈಕ್ ಅಪಘಾತಕ್ಕೂ ಈ ದಾರಿ ಇಲ್ಲ. ಡಿಕ್ಕಿ ಹೊಡೆದ ವಾಹನ ಸಿಗದೇ ಹೋದರೆ 161ನೇ ಕಲಮಿನಡಿ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಅರ್ಜಿ ಕಂದಾಯ ಇಲಾಖೆಯ ಅಧಿಕಾರಿಗೆ, ಕೋರ್ಟಿಗಲ್ಲ. ದನ ಅಡ್ಡ ಬಂದು ತಾನಾಗಿಯೇ ಬಿದ್ದರೆ ಎದುರುದಾರನೇ ಇಲ್ಲ. ಆಗ ಇರುವುದು ಬೈಕಿನ ಮಾಲೀಕನಿಗೆ ವಿಮೆಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ, ಅದೂ ಸಾವು ಅಥವಾ ಅಂಗ ಕಳೆದಂಥ ನಷ್ಟಕ್ಕೆ. ಇಲ್ಲಿ ಲೈಸೆನ್ಸ್ ಬೇಕೇ ಬೇಕು. ಚಿಕಿತ್ಸೆಗೆ 2025ರ ಮೇ 5ರಂದು ಜಾರಿಯಾದ ಕೇಂದ್ರದ ನಗದುರಹಿತ ಯೋಜನೆಯಲ್ಲಿ 7 ದಿನದವರೆಗೆ 1.5 ಲಕ್ಷದ ಮಿತಿಯಿದೆ. ಆಸ್ಪತ್ರೆಗೆ ಸೇರಿಸುವಾಗಲೇ ಕೇಳಿ.

ಫೀಸಿನ ಮಾತು ನಮ್ಮವರಿಗೆ ಕಹಿ, ಆದರೂ ಹೇಳುತ್ತೇನೆ. 'ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ' ಎಂಬ ಒಪ್ಪಂದ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸುವ ಮಧ್ಯವರ್ತಿಗಳು ಕರಾವಳಿಯಲ್ಲೂ ಇದ್ದಾರೆ. ಹಣ ಸಂದಾಯವಾಗುವುದು ಗಾಯಾಳುವಿನ ಸ್ವಂತ ಬ್ಯಾಂಕ್ ಖಾತೆಗೆ, ಒಂದು ಪಾಲನ್ನು ಮಂಡಳಿ ಠೇವಣಿ ಇಡಿಸುವುದೂ ಉಂಟು. ಹಾಗಾಗಿ ಪಾಸ್‌ಬುಕ್ ಮನೆಯಲ್ಲೇ ಇರಲಿ, ಖಾಲಿ ಚೆಕ್ಕಿಗೆ ಸಹಿ ಕೇಳಿದವರ ಮನೆ ಮೆಟ್ಟಿಲು ಇಳಿದುಬಿಡಿ. ಫೀಸು ಕೊಡಲು ಆಗದ ಹೆಣ್ಣುಮಕ್ಕಳು, ಪರಿಶಿಷ್ಟರು, ಅಂಗವಿಕಲರು ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಉಚಿತವಾಗಿ ವಕೀಲರು ಸಿಗುತ್ತಾರೆ. ಶಿರಸಿಯಲ್ಲಿ ಅದು ಕೋರ್ಟಿನ ಆವರಣದಲ್ಲೇ ಇದೆ.