ಡೈನಾಫ್ಲೋ ಕಿತ್ತು ಎಸೆಯಬೇಡಿ: 1955ರ ಬ್ಯೂಯಿಕ್‌ನ ಸೋರಿಕೆ ನಾನು ನಿಲ್ಲಿಸಿದ್ದು ಹೀಗೆ

ನನ್ನ 1955ರ ಬ್ಯೂಯಿಕ್ ಸ್ಪೆಷಲ್ ಈಗ ಸೋರುತ್ತಿಲ್ಲ. ಎರಡು ಬೇಸಿಗೆ ಕಳೆಯಿತು, ಕಾರಿನ ಕೆಳಗೆ ಹಾಸಿದ ರಟ್ಟು ಇನ್ನೂ ಒಣಗಿಯೇ ಇದೆ. ಇದನ್ನು ಬರೆಯುವುದಕ್ಕೆ ಕಾರಣ, ಡೈನಾಫ್ಲೋ ಅನ್ನುವ ಬ್ಯೂಯಿಕ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸೋರಿಕೆ ಯಾವತ್ತೂ ನಿಲ್ಲಲ್ಲ, ಅದನ್ನು ಕಿತ್ತುಹಾಕಿ ಈಗಿನ ಕಾಲದ ನಾಲ್ಕು ಗೇರಿನ ಆಟೊಮ್ಯಾಟಿಕ್ ಕೂರಿಸು ಅಂತ ಹೇಳದವರೇ ಇರಲಿಲ್ಲ. ನಮ್ಮ ಕನ್ನಡ ಕೂಟದಲ್ಲಿ ಹಳೇ ಮಸ್ಟಾಂಗ್ ಕಾರು ಇಟ್ಟುಕೊಂಡಿರುವ ಗೆಳೆಯನೊಬ್ಬನಿದ್ದಾನೆ, ಕೈಕೆಲಸ ಚೆನ್ನಾಗಿ ಬಲ್ಲವನು. ಅವನೂ ಅದನ್ನೇ ಹೇಳಿದ. ಹೋದ ಆಗಸ್ಟಿನಲ್ಲಿ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿಬಂದೆ.

ಕಾರು ಕೊಂಡಿದ್ದು ಒಹಾಯೊದಲ್ಲಿ, ಸುಮಾರು ಒಂಬತ್ತು ಸಾವಿರ ಡಾಲರ್‌ಗೆ. ಕೆಂಪು ಬಿಳುಪು ಎರಡು ಬಣ್ಣ, ಫೆಂಡರಿನ ಒಂದೊಂದು ಬದಿಗೆ ಅಲಂಕಾರದ ಮೂರು ತೂತು. 264 ಕ್ಯೂಬಿಕ್ ಇಂಚಿನ, ನೇಲ್‌ಹೆಡ್ ಎಂಬ ಅಡ್ಡಹೆಸರಿನ ಬ್ಯೂಯಿಕ್ ವಿ8 ಇಂಜಿನ್, 188 ಅಶ್ವಶಕ್ತಿ. ಇಂಜಿನ್ ಚೆನ್ನಾಗಿತ್ತು. ತಲೆನೋವೆಲ್ಲ ಅದರ ಹಿಂದೆ. ಇನ್ನೂರು ಮೈಲಿ ಓಡಿಸಿದರೆ ಒಂದು ಕ್ವಾರ್ಟ್, ಅಂದರೆ ಲೀಟರಿನ ಹತ್ತಿರ ಆಯಿಲ್ ರಸ್ತೆಗೆ ಹೋಗುತ್ತಿತ್ತು. ಗೇರ್‌ಬಾಕ್ಸ್ ಬದಲಿಸಲು ಒಂದು ಕಡೆ ಏಳೂವರೆ ಸಾವಿರ ಡಾಲರ್ ಕೇಳಿದರು, ಇನ್ನೊಂದು ಕಡೆ ಒಂಬತ್ತರ ಹತ್ತಿರ. ಅಂದರೆ ಕಾರಿನ ಬೆಲೆಯಷ್ಟೇ. ಅವರು ಸುಮ್ನೆ ಕೇಳಿದ್ದಲ್ಲ. ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಟಾರ್ಕ್ ಟ್ಯೂಬ್ ಎಂಬ ಕೊಳವೆಯ ಒಳಗೆ ಇದೆ, ಹಿಂದಿನ ಆಕ್ಸಲ್ ಜೋಡಿಸಿರುವುದೂ ಆ ಕೊಳವೆಗೇ. ಗೇರ್‌ಬಾಕ್ಸ್ ಬದಲಿಸಿದರೆ ಹಿಂದಿನ ಆಕ್ಸಲ್ ಹೋಗುತ್ತದೆ, ಅದನ್ನು ಹಿಡಿದಿಡಲು ಹೊಸ ಆರ್ಮ್‌ಗಳನ್ನು ವೆಲ್ಡ್ ಮಾಡಬೇಕಾಗುತ್ತದೆ. ಅಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಬ್ಯೂಯಿಕ್ ಮೈ ಹೊದ್ದ ಬೇರೆ ಯಾವುದೋ ಕಾರು.

ನಾನಿರುವುದು ಮಿಷಿಗನ್‌ನಲ್ಲಿ, ಫ್ಲಿಂಟ್‌ನಿಂದ ಅರ್ಧ ಗಂಟೆ ದೂರ. ಈ ಕಾರುಗಳ ಮೂಲ ಊರು ಅದೇ. ಡೇವಿಡ್ ಡನ್‌ಬಾರ್ ಬ್ಯೂಯಿಕ್ ಹುಟ್ಟಿದ್ದು ಸ್ಕಾಟ್‌ಲೆಂಡಿನಲ್ಲಿ. ಡೆಟ್ರಾಯಿಟ್‌ನಲ್ಲಿ ನೀರಿನ ನಲ್ಲಿ, ಸ್ನಾನದ ತೊಟ್ಟಿಗಳ ವ್ಯಾಪಾರ ಮಾಡುತ್ತಿದ್ದವರು. ಎರಕದ ಕಬ್ಬಿಣದ ತೊಟ್ಟಿಗೆ ಎನಾಮಲ್ ಹಿಡಿಸುವ ವಿಧಾನ ಕಂಡುಹಿಡಿದು ದುಡ್ಡು ಮಾಡಿದರು. ಆ ದುಡ್ಡನ್ನೆಲ್ಲ ಇಂಜಿನ್‌ಗೆ ಸುರಿದರು. 1903ರಲ್ಲಿ ಕಂಪನಿ ಶುರುವಾಯಿತು, ಫ್ಲಿಂಟ್‌ಗೆ ಬಂತು. 1904ರಲ್ಲಿ ಅಲ್ಲಿನ ಕುದುರೆಗಾಡಿ ಕಾರ್ಖಾನೆಯ ವಿಲಿಯಂ ಡ್ಯುರಾಂಟ್ ಕೈಗೆ ಹೋಯಿತು. ಅದೇ ಬ್ಯೂಯಿಕ್ ಬಲದ ಮೇಲೆ ಡ್ಯುರಾಂಟ್ 1908ರಲ್ಲಿ ಜನರಲ್ ಮೋಟಾರ್ಸ್ ಕಟ್ಟಿದರು. ಕಾರಿಗೆ ಹೆಸರು ಕೊಟ್ಟ ಬ್ಯೂಯಿಕ್ 1929ರಲ್ಲಿ ತೀರಿಕೊಂಡಾಗ ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ವಾಲ್ವ್‌ಗಳನ್ನು ಸಿಲಿಂಡರಿನ ಮೇಲ್ಗಡೆ ಇಡುವ ಅವರ ಇಂಜಿನ್‌ನ ಪದ್ಧತಿಯನ್ನು ಕಂಪನಿ ಬಿಡಲೇ ಇಲ್ಲ, 1953ರಲ್ಲಿ ಬಂದ ನೇಲ್‌ಹೆಡ್‌ನಲ್ಲೂ ಅದೇ ಇದೆ. 1955ರಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಕಾರು ಮಾಡಿದರು, ಪ್ಲಿಮತ್ ಕಾರನ್ನು ಹಿಂದೆ ಹಾಕಿ ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಬಂದರು. ಅಷ್ಟು ಜನ ಡೈನಾಫ್ಲೋ ಇಟ್ಟುಕೊಂಡು ಓಡಾಡಿದ್ದಾರೆ, ಅಲ್ವಾ? ಎಲ್ಲರೂ ರಟ್ಟು ಹಾಸಿಕೊಂಡೇ ನಿಲ್ಲಿಸಿದ್ದರಾ? ಹೊಸದರಲ್ಲಿ ಸೋರದ್ದು ಈಗ ಸೋರುತ್ತಿದೆ ಎಂದರೆ ನಡುವೆ ಏನೋ ಸವೆದಿದೆ, ಸವೆದದ್ದನ್ನು ಹುಡುಕಬಹುದು. ನನ್ನ ವಾದ ಅಷ್ಟೇ ಇತ್ತು.

ಹುಡುಕಲು ಆಯಿಲ್‌ಗೆ ಬಣ್ಣ ಬೆರೆಸಿ ನೀಲಿ ದೀಪ ಹಿಡಿದೆ. ಮೂರು ನಾಲ್ಕು ಕಡೆ ಹೊಳೆಯಿತು. ಪ್ಯಾನ್ ಗ್ಯಾಸ್ಕೆಟ್, ಗೇರ್ ಲಿವರಿನ ಶಾಫ್ಟ್ ಸೀಲ್, ಸ್ಪೀಡೋಮೀಟರ್ ಕೇಬಲ್ ಒಳಗೆ ಹೋಗುವ ಜಾಗ. ಇವು ಒಂದು ಶನಿವಾರದ ಕೆಲಸ, ನಿಮಗೆಲ್ಲ ಗೊತ್ತಿರುವುದೇ. ದೊಡ್ಡ ಸೋರಿಕೆ ಇದ್ದದ್ದು ಟಾರ್ಕ್ ಬಾಲ್ ಹತ್ತಿರ. ಗೇರ್‌ಬಾಕ್ಸಿನ ಹಿಂಬದಿ, ಟಾರ್ಕ್ ಟ್ಯೂಬ್ ಬಂದು ಸೇರುವ ಕಡೆ ಇರುವ ಉಕ್ಕಿನ ಗುಂಡು, ಅದಕ್ಕೂ ಹೊರಗಿನ ಬಳೆಗೂ ನಡುವೆ ಅಂಟಿಸಿದ ರಬ್ಬರ್. ಆ ರಬ್ಬರ್ ಗಟ್ಟಿಯಾಗಿ ಸೀಳಿರುತ್ತದೆ. ಇನ್ನೊಂದು ವಿಷಯ, ಆಯಿಲ್ ನೆಲಕ್ಕೆ ಮಾತ್ರ ಬೀಳುತ್ತದೆ ಎಂದುಕೊಳ್ಳಬೇಡಿ. ಒಳಗಿನ ಸೀಲ್ ಹೋಗಿದ್ದರೆ ಟ್ಯೂಬಿನೊಳಗೇ ಹರಿದು ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಪೆಟ್ಟಿಗೆಗೆ, ಅಂದರೆ ಡಿಫರೆನ್ಷಿಯಲ್‌ಗೆ ಇಳಿಯುತ್ತದೆ. ಅದರ ಪ್ಲಗ್ ಬಿಚ್ಚಿ ನೋಡಿ. ಮಟ್ಟ ಮೇಲೆ ಬಂದಿದ್ದು ಎಣ್ಣೆ ಕೆಂಪಗೆ, ತೆಳ್ಳಗೆ ಇದ್ದರೆ ಮೊದಲು ಅದನ್ನು ಖಾಲಿ ಮಾಡಿ, ಇಲ್ಲವಾದರೆ ಆಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೇ ಬರುತ್ತದೆ.

ಮೊದಲಿಗೆ ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಗಳು. ಎರಡು ಬಗೆ ಸುರಿದೆ, ನಲವತ್ತು ಡಾಲರ್ ನೀರುಪಾಲು. ಆಮೇಲೆ ಒಂದು ಗ್ಯಾರೇಜಿಗೆ ಕೊಟ್ಟೆ. ಅಂಗಡಿಯಲ್ಲಿ ಸಿಗುವ ಸೀಲ್ ಕಿಟ್ ಹಾಕಿ ಸಾವಿರದ ನಾನೂರೋ ಐನೂರೋ ಡಾಲರ್ ತೆಗೆದುಕೊಂಡರು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕೆಂಪು ಕಲೆ. ಎಲ್ಲರಿಗೂ ಸಾಕ್ಷಿ ಸಿಕ್ಕಂತಾಯಿತು, ನೋಡು ನಾವು ಹೇಳಲಿಲ್ಲವಾ ಅಂತ. ಆದರೆ ನನಗೆ ಅದು ಬೇರೆಯದೇ ಹೇಳಿತು. ಹೊಸ ರಬ್ಬರ್ ಒಂದೇ ತಿಂಗಳಲ್ಲಿ ಹರಿಯಬೇಕಾದರೆ ಅದನ್ನು ಏನೋ ಎಳೆಯುತ್ತಿದೆ.

ಉತ್ತರ ಸಿಕ್ಕಿದ್ದು ಬೀದಿಯ ಕೊನೆಯ ಮನೆಯ ಹಿರಿಯರಿಂದ. ಫ್ಲಿಂಟ್‌ನ ಬ್ಯೂಯಿಕ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಗ್ಗಿ ಒಂದು ಸಲ ನೋಡಿ, "ಸೀಲ್ ಬಿಡಪ್ಪ, ಮೌಂಟ್ ಯಾವ ಕಾಲದ್ದು?" ಎಂದು ಕೇಳಿದರು. ಅಷ್ಟೇ ಸಾಕಾಯಿತು.

ಆ ಕಾಲದ ಬೇರೆ ಬಹಳಷ್ಟು ಕಾರುಗಳಲ್ಲಿ ಹಿಂದಿನ ಚಕ್ರದ ತಳ್ಳುವ ಬಲ ಲೀಫ್ ಸ್ಪ್ರಿಂಗ್ ಮೂಲಕ ಚಾಸಿಗೆ ಹೋಗುತ್ತದೆ. ಬ್ಯೂಯಿಕ್‌ನಲ್ಲಿ ಕಾಯಿಲ್ ಸ್ಪ್ರಿಂಗ್‌ಗಳದ್ದು ಭಾರ ಹೊರುವ ಕೆಲಸ ಮಾತ್ರ. ತಳ್ಳುವ ಬಲವೆಲ್ಲ ಟಾರ್ಕ್ ಟ್ಯೂಬ್ ಹಿಡಿದು ಗೇರ್‌ಬಾಕ್ಸಿನ ಹಿಂಬದಿಗೆ ಬಂದು, ಅಲ್ಲಿರುವ ರಬ್ಬರ್ ಮೌಂಟ್, ಅಂದರೆ ಥ್ರಸ್ಟ್ ಪ್ಯಾಡ್ ಮೂಲಕ ಚಾಸಿಗೆ ಸೇರುತ್ತದೆ. ಎರಡು ಟನ್ನಿನ ಹತ್ತಿರದ ಕಾರು ಮುಂದಕ್ಕೆ ಹೋಗುವುದೇ ಆ ಪ್ಯಾಡಿನ ಮೇಲೆ. ನನ್ನದು ಎಣ್ಣೆ ಕುಡಿದು ಮೆತ್ತಗಾಗಿ ಕುಸಿದಿತ್ತು. ಗೇರ್‌ಬಾಕ್ಸಿನ ಬಾಲ ಕೆಳಗಿಳಿದು, ಬಾಲ್ ತನ್ನ ಕುಳಿಯಲ್ಲಿ ಓರೆಯಾಗಿ ಕೂತಿತ್ತು. ಮೇಲ್ಗಡೆ ಬೆರಳಿನ ಉಗುರು ಹೋಗುವಷ್ಟು ಸಂದು, ಕೆಳಗಡೆ ಒತ್ತು. ಕಾರು ಹೊರಡುವಾಗ ಒಂದು ನಡುಕ ಬರುತ್ತಿತ್ತಲ್ಲ, ಅದೂ ಇದರಿಂದಲೇ. ಡೈನಾಫ್ಲೋ ಇದ್ದವರು ನಡುಕಕ್ಕೆ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಮೇಲೆ ಅನುಮಾನ ಪಡುವ ಮೊದಲು ಈ ಪ್ಯಾಡ್ ಬದಲಿಸಿ. ಎಂಬತ್ತು ತೊಂಬತ್ತು ಡಾಲರ್ ಅಷ್ಟೇ.

ಪ್ಯಾಡ್ ಬಂತು. ಇನ್ನು ಬಾಲ್. ಅಂಗಡಿ ಕಿಟ್ ನನಗೆ ಬೇಡವಾಗಿತ್ತು, ಮೊದಲು ಇದ್ದ ಹಾಗೆ ಉಕ್ಕಿಗೇ ಅಂಟಿಸಿದ ರಬ್ಬರ್ ಬೇಕಿತ್ತು. ಆ ಚಳಿಗಾಲ ಹೇಗೂ ಬೆಂಗಳೂರಿಗೆ ಹೊರಟಿದ್ದೆ. ಹಳೆಯ ಬಾಲ್, ಜೊತೆಗೆ ಗುಜರಿಯಿಂದ ತಂದ ಇನ್ನೆರಡು, ಚೆನ್ನಾಗಿ ತೊಳೆದು ಸೂಟ್‌ಕೇಸಿಗೆ ಹಾಕಿದೆ. ಪೀಣ್ಯದಲ್ಲಿ ರಬ್ಬರ್ ಮೋಲ್ಡಿಂಗ್ ಮಾಡುವ ಸಣ್ಣ ಶೆಡ್ಡುಗಳು ಸಾಲುಸಾಲಾಗಿವೆ. ಮೊದಲ ಎರಡು ಮೂರು ಕಡೆ ಮುಖ ತಿರುಗಿಸಿದರು, ಮೂರು ಪೀಸಿಗೆ ಯಾರು ಸಾರ್ ಅಚ್ಚು, ಡೈ ಮಾಡ್ತಾರೆ ಅಂತ. ಕೊನೆಗೆ ಒಬ್ಬರು ಒಪ್ಪಿಕೊಂಡರು. ಅವರ ತಂದೆ ಹಿಂದೆ ಲಾರಿ ಬುಷ್ ಮಾಡುತ್ತಿದ್ದರಂತೆ, ಉಕ್ಕಿಗೆ ರಬ್ಬರ್ ಅಂಟಿಸುವುದು ಆ ಮನೆಯ ಕಸುಬು. ನೈಟ್ರೈಲ್ ರಬ್ಬರ್ ಹಾಕಿಸಿದೆ, ಗೇರ್‌ಬಾಕ್ಸ್ ಆಯಿಲ್‌ಗೆ ಅದು ಉಬ್ಬುವುದಿಲ್ಲ. ಮೊದಲ ಪೀಸು ತೀರಾ ಗಟ್ಟಿ ಬಂತು, ಬಗ್ಗಿಸಿದರೆ ಅಂಚು ಬಿಟ್ಟುಕೊಂಡಿತು. ಎರಡನೆಯ ಸಲಕ್ಕೆ ಸರಿಹೋಯಿತು. ಗಡಸುತನ ಎಷ್ಟು ಇಟ್ಟೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮತ್ತು ಅವರ ನಡುವಿನ ಮಾತು, ಅವರಿಗೆ ಇದರಿಂದ ನಾಲ್ಕು ಕೆಲಸ ಬಂದರೆ ಬರಲಿ. ಡೈ ಸೇರಿ ಹದಿಮೂರು ಹದಿನಾಲ್ಕು ಸಾವಿರ ರೂಪಾಯಿ ಆಯಿತು. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ವಿಚಾರಿಸಿದರು. ಕಾರಿನ ಫೋಟೋ ತೋರಿಸಿದ ಮೇಲೆ ಬಿಟ್ಟರು.

ಕೂರಿಸುವುದು ಒಬ್ಬನೇ ಮಾಡಬಹುದಾದ ಕೆಲಸ, ಆದರೆ ಇಬ್ಬರಿದ್ದರೆ ವಾಸಿ. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಶಾಕ್, ಟ್ರ್ಯಾಕ್ ಬಾರ್, ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್ ಬಿಡಿಸಿ, ಸ್ಪ್ರಿಂಗ್ ಇಳಿಸಿ, ಬಾಲ್ ಮುಂದಿನ ಬೋಲ್ಟುಗಳನ್ನು ತೆಗೆದು ಇಡೀ ಆಕ್ಸಲನ್ನು ಹಿಂದಕ್ಕೆ ಉರುಳಿಸಬೇಕು. ಗೇರ್‌ಬಾಕ್ಸ್ ಕೆಳಗೆ ಇನ್ನೊಂದು ಜಾಕ್ ಇರಲೇಬೇಕು. ನಾನು ಪ್ಯಾಡನ್ನು ಮೊದಲು ಹಾಕಿ, ಗೇರ್‌ಬಾಕ್ಸಿನ ಬಾಲ ತನ್ನ ಎತ್ತರಕ್ಕೆ ಬಂದ ಮೇಲೆಯೇ ಬಾಲ್ ಮುಟ್ಟಿದೆ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ದಂಡ.

ಆಮೇಲೆ ಷಿಮ್, ಅಂದರೆ ಸಂದು ಹೊಂದಿಸಲು ಇಡುವ ತೆಳು ಹಾಳೆ. ಬಳೆಯ ಕೆಳಗೆ ಕಾಗದದ ಷಿಮ್‌ಗಳು ಬರುತ್ತವೆ, ಒಂದೊಂದು ಒಂದೊಂದು ದಪ್ಪ. ಜಾಸ್ತಿ ಇಟ್ಟರೆ ಬಾಲ್ ಸಡಿಲವಾಗಿ ಸೋರುತ್ತದೆ, ಕಡಿಮೆಯಾದರೆ ಬಿಗಿಯಾಗಿ ಸವೆಯುತ್ತದೆ. ಇಲ್ಲೇ ಎಲ್ಲರೂ ಅವಸರ ಮಾಡುವುದು. ನಾನು ಒಂದಿಡೀ ಭಾನುವಾರ ಷಿಮ್ ತೆಗೆಯುತ್ತ ಹಾಕುತ್ತ ಕಳೆದೆ, ಟ್ಯೂಬನ್ನು ಎರಡೂ ಕೈಯಿಂದ ಎತ್ತಿದರೆ ಒಂದೇ ಸಮನಾದ ಬಿಗಿ ಸಿಗುವವರೆಗೆ ಬಿಡಲಿಲ್ಲ. ಸ್ವಲ್ಪ ಓಡಿಸಿದ ಮೇಲೆ ಮತ್ತೊಂದು ಸಲ ಬೋಲ್ಟು ನೋಡಿಕೊಳ್ಳುವುದಿದೆ, ಅದನ್ನು ಬಿಸಿಯಲ್ಲಿ ಮಾಡಬೇಕೋ ತಣ್ಣಗಾದ ಮೇಲೋ ಎನ್ನುವುದರಲ್ಲಿ ಒಂದು ಗುಟ್ಟಿದೆ. ನನ್ನ ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ.

ಕಾರು ಸ್ಟ್ಯಾಂಡ್ ಮೇಲಿದ್ದಾಗ ಬೇರೆ ಕೆಲಸಗಳಿಗೂ ಕೈ ಹಾಕಿದೆ. ಈ ಕಾರು ಸ್ಟಾರ್ಟ್ ಆಗುವುದು ಆಕ್ಸಿಲರೇಟರ್ ತುಳಿದರೆ, ಗೊತ್ತಲ್ಲ. ಕಾರ್ಬೊರೇಟರ್ ಪಕ್ಕದ ಸ್ವಿಚ್ಚಿನೊಳಗೆ ಒಂದು ಪುಟ್ಟ ಗುಂಡು, ಇಂಜಿನ್ ಓಡುವಾಗ ವ್ಯಾಕ್ಯೂಮ್ ಅದನ್ನು ದೂರ ಎಳೆದು ಸ್ಟಾರ್ಟರ್ ತಗುಲದ ಹಾಗೆ ನೋಡಿಕೊಳ್ಳುತ್ತದೆ. ಎಷ್ಟೋ ಜನ ಇದನ್ನು ತೆಗೆದು ಪುಶ್ ಬಟನ್ ಹಾಕಿದ್ದಾರೆ. ದಯವಿಟ್ಟು ಮಾಡಬೇಡಿ. ಬಿಚ್ಚಿ ಒರೆಸಿದರೆ ಸಾಕು, ಒಂದು ಡಾಲರ್ ಖರ್ಚಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವವರು ಮಾತ್ರ ಹುಷಾರು. ಸ್ಟಾರ್ಟರ್ ರಿಲೇಗೆ ಅರ್ತ್ ಸಿಗುವುದು ಡೈನಮೋ ಮೂಲಕ. ಅದನ್ನು ಸುಮ್ನೆ ಚಾಸಿಗೆ ಕಟ್ಟಿದರೆ ಓಡುವ ಇಂಜಿನ್‌ಗೆ ಸ್ಟಾರ್ಟರ್ ತಗುಲದ ಹಾಗೆ ಕಂಪನಿಯವರು ಯೋಚಿಸಿ ಇಟ್ಟ ಎರಡನೇ ಕಾವಲು ಹೋಗುತ್ತದೆ. ನಾನು ಡೈನಮೋವನ್ನೇ ಉಳಿಸಿಕೊಂಡೆ. ಎಥನಾಲ್ ಬೆರೆತ ಪೆಟ್ರೋಲ್ ಬಿಸಿಗೆ ಬೇಗ ಕುದಿಯುತ್ತದೆ ಎಂದು ಎಕ್ಸಾಸ್ಟ್ ಬಿಸಿಯನ್ನು ಕಾರ್ಬೊರೇಟರ್ ಕಡೆಗೆ ತಿರುಗಿಸುವ ಹೀಟ್ ರೈಸರ್ ವಾಲ್ವ್ ಬಿಡಿಸಿ ಸಲೀಸು ಮಾಡಿದೆ, ತೆರೆದೇ ನಿಲ್ಲುವ ಹಾಗೆ. ಬೇಸಿಗೆಯಲ್ಲಿ ಒಳ್ಳೆಯದಾಯಿತು. ಏಪ್ರಿಲ್‌ನ ಚಳಿಗೆ ಇಂಜಿನ್ ಬೆಚ್ಚಗಾಗಲು ಹತ್ತು ನಿಮಿಷ ಹಿಡಿಯುತ್ತದೆ, ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಪರೀಕ್ಷೆ ಆಗಿದ್ದು ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂನಲ್ಲಿ, ಆಗಸ್ಟಿನ ಡ್ರೀಮ್ ಕ್ರೂಸ್ ದಿನ. ಸಾವಿರಾರು ಹಳೇ ಕಾರುಗಳು ಒಂದರ ಹಿಂದೆ ಒಂದು ತೆವಳುತ್ತವೆ, ಮೇಲೆ ಬಿಸಿಲು. ಗೇರ್‌ಬಾಕ್ಸ್ ಬಿಸಿಯಾಗಿ ಆಯಿಲ್ ತೆಳುವಾಗುವುದು ಇಂಥ ಕಡೆಯೇ. ಮಸ್ಟಾಂಗ್ ಗೆಳೆಯ ಪಕ್ಕದಲ್ಲಿ ಕೂತಿದ್ದ. ನಾಲ್ಕೈದು ಗಂಟೆ ನಿಂತು ಹೊರಟು ನಿಂತು ಹೊರಟು ಮಾಡಿದೆವು. ನಡುಕ ಇಲ್ಲ. ಗೇರ್ ಬದಲಾಗುವ ಒಂದು ತಟ್ಟು ಕೂಡ ಇಲ್ಲ, ಡೈನಾಫ್ಲೋ ಡ್ರೈವ್‌ನಲ್ಲಿ ಗೇರನ್ನೇ ಬದಲಿಸುವುದಿಲ್ಲವಲ್ಲ, ಸೊನ್ನೆಯಿಂದ ಅರವತ್ತರವರೆಗೆ ಒಂದೇ ಉಸಿರು. ಹೈವೇಗೆ ಬಂದ ಮೇಲೆ ಪೆಡಲ್ ಪೂರ್ತಿ ತುಳಿದು ತೋರಿಸಿದೆ. ಕನ್ವರ್ಟರ್ ಒಳಗೆ ಆಯಿಲ್ ಹರಿವನ್ನು ತಿರುಗಿಸುವ ರೆಕ್ಕೆಚಕ್ರಕ್ಕೆ ಸ್ಟೇಟರ್ ಅನ್ನುತ್ತಾರೆ, 1955ರಲ್ಲಿ ಹೊಸದಾಗಿ ಬಂದ ಬಗೆ ಇದು, ಪೂರ್ತಿ ತುಳಿದಾಗ ಅದರ ರೆಕ್ಕೆಗಳು ತಿರುಗಿ ನಿಲ್ಲುತ್ತವೆ, ಇಂಜಿನ್ ದನಿ ಮೇಲೆ ಹೋಗಿ ಕಾರು ಎದ್ದು ಓಡುತ್ತದೆ. ಮನೆಗೆ ಬಂದು ಅವನೇ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದ. ಒರೆಸಿದ ಬಟ್ಟೆ ಬೆಳ್ಳಗೇ ಬಂತು. ಈಗ ಅವನೇ ಒಂದು 56ರ ಬ್ಯೂಯಿಕ್ ಹುಡುಕುತ್ತಿದ್ದಾನೆ.

ಒಟ್ಟು ಲೆಕ್ಕ ಹೇಳಿಬಿಡುತ್ತೇನೆ. ಪೀಣ್ಯದ ಕೆಲಸ, ಪ್ಯಾಡ್, ಗ್ಯಾಸ್ಕೆಟ್, ಬ್ರೇಕ್ ಹೋಸ್, ಹತ್ತು ಕ್ವಾರ್ಟಿನ ಮೇಲೆ ಹೊಸ ಆಯಿಲ್, ಎಲ್ಲ ಸೇರಿ ಐನೂರು ಡಾಲರಿನ ಆಚೀಚೆ. ಮೊದಲ ಗ್ಯಾರೇಜಿಗೆ ಕೊಟ್ಟದ್ದು ಇದರಲ್ಲಿಲ್ಲ. ಗೇರ್‌ಬಾಕ್ಸ್ ಬದಲಿಸಲು ಕೇಳಿದ ದುಡ್ಡಿನ ಮುಂದೆ ಇದು ಏನೇನೂ ಅಲ್ಲ. ಒಂದು ಬಾಲ್ ರಬ್ಬರ್ ಹಾಕಿಸಿದ್ದು ನನ್ನ ಹತ್ತಿರ ಇನ್ನೂ ಇದೆ. ದುಡ್ಡಿಗೆ ಕೊಡುವುದಿಲ್ಲ. ಮಿಷಿಗನ್, ಒಹಾಯೊ ಕಡೆ ಯಾರದ್ದಾದರೂ 55ರ ಕಾರು ಸೋರುತ್ತಿದ್ದರೆ ನಿಮ್ಮ ಹಳೆಯ ಬಾಲ್ ಬಿಚ್ಚಿಕೊಂಡು ಬನ್ನಿ, ಅದನ್ನು ಇಟ್ಟುಕೊಂಡು ಇದನ್ನು ಕೊಡುತ್ತೇನೆ. ಮುಂದಿನ ಸಲ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಜಾಗ ಇರುತ್ತದೆ. ಬರುವ ಮೊದಲು ಥ್ರಸ್ಟ್ ಪ್ಯಾಡ್ ಬದಲಿಸಿರಬೇಕು, ಇಲ್ಲದಿದ್ದರೆ ಕೊಡುವುದಿಲ್ಲ.