ಜಿಂಕೆ ಮಾಂಸ ಮತ್ತು ಗ್ರಿಟ್ಸ್: ನುಚ್ಚಿಗೆ ಒಂದು ತಾಸು ಕೊಡಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇಟೆಯ ಕಾಲ ಬಂತೆಂದರೆ ಎಷ್ಟೋ ಮನೆಗಳ ಫ್ರೀಜರ್ ತುಂಬಾ ಬಿಳಿಬಾಲದ ಜಿಂಕೆಯ ಮಾಂಸ. ಬೇಟೆಯ ಮಾಂಸವನ್ನು ಅಲ್ಲಿ ಮಾರುವಂತಿಲ್ಲ, ಹಂಚಬಹುದು. ಹಾಗಾಗಿ ಅಟ್ಲಾಂಟಾ, ಶಾರ್ಲೆಟ್ ಕಡೆಯ ಕನ್ನಡಿಗರಿಗೂ ಪಕ್ಕದ ಮನೆಯಿಂದ ಒಂದು ಪೊಟ್ಟಣ ಸಿಗುವುದುಂಟು. ಮಾಂಸವನ್ನು ಜನ ಹೇಗೋ ಬೇಯಿಸಿಬಿಡುತ್ತಾರೆ. ಕೆಡುವುದು ಗ್ರಿಟ್ಸ್, ಅಂದರೆ ಮೆಕ್ಕೆಜೋಳದ ನುಚ್ಚು. 2002ರಲ್ಲಿ ಜಾರ್ಜಿಯಾ ತನ್ನ ಅಧಿಕೃತ ಖಾದ್ಯವೆಂದು ಸಾರಿದ ಈ ಗ್ರಿಟ್ಸ್, ಅವಸರದ ಕೈಯಲ್ಲಿ ಬರೀ ಗಂಟು.

ಮೊದಲು ಮಾಂಸ. ಒಂದು ಕಿಲೋ ಭುಜದ ಭಾಗ ಇರಲಿ. ಮೇಲಿನ ಬೆಳ್ಳಿ ಬಣ್ಣದ ಪೊರೆಯನ್ನೂ ಕೊಬ್ಬನ್ನೂ ಪೂರ್ತಿ ತೆಗೆಯಿರಿ. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಅಂಟುತ್ತದೆ, ಘಾಟು ವಾಸನೆಯೂ ಹೆಚ್ಚಾಗಿ ಅದರದ್ದೇ. ಗುಂಡು ತಗಲಿ ಕಪ್ಪಾದ ಜಾಗವಿದ್ದರೆ ಸುತ್ತಲೂ ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಸೀಸದ ಚೂರು ಇರಬಹುದು. ವಾಸನೆ ತೆಗೆಯುತ್ತೇವೆಂದು ಮಾರುವ ಬಾಟಲಿ ಮಸಾಲೆ ದ್ರಾವಣಗಳನ್ನು ಕೊಳ್ಳಲೇಬೇಡಿ, ಬರೀ ಉಪ್ಪು-ಹುಳಿ.

ತುಂಡುಗಳನ್ನು ಒರೆಸಿ, ಉಪ್ಪು ಹಚ್ಚಿ, ಕಬ್ಬಿಣದ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಂಪಗೆ ಹುರಿದು ತೆಗೆದಿಡಿ. ಅದರಲ್ಲೇ ಈರುಳ್ಳಿ, ಸೆಲರಿ, ದಪ್ಪಮೆಣಸಿನಕಾಯಿ, ಆಮೇಲೆ ಎರಡು ಚಮಚ ಮೈದಾ ಹುರಿಯಿರಿ. ಮೂರು ಕಪ್ ಮಾಂಸದ ಸಾರು, ಪಲಾವ್ ಎಲೆ, ಥೈಮ್ ಹಾಕಿ, ಮಾಂಸ ಸೇರಿಸಿ, ಮುಚ್ಚಿ 160 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಡಿ. ಮೂರು ತಾಸು ಅದರ ಪಾಡಿಗೆ ಅದು ಬೇಯಲಿ. ಕುಕ್ಕರ್‌ನಲ್ಲೂ ಆದೀತು, ಆದರೆ ಸಾರು ನೀರಾಗುತ್ತದೆ. ಕೊನೆಗೆ ಮುಚ್ಚಳ ತೆಗೆದು ಇಂಗಿಸಬೇಕು.

ಈಗ ನುಚ್ಚು. ಕಲ್ಲಿನಲ್ಲಿ ಬೀಸಿದ್ದೇ ಬೇಕು. 'ಇನ್‌ಸ್ಟಂಟ್' ಪೊಟ್ಟಣ ಮೊದಲೇ ಬೇಯಿಸಿ ಒಣಗಿಸಿದ್ದು, ಬಿಸಿನೀರು ಸೋಕಿದರೆ ಅಂಟಾಗುತ್ತದೆ. ಕಲ್ಲಿನ ನುಚ್ಚಿನಲ್ಲಿ ಮೊಳಕೆಯ ಎಣ್ಣೆ ಇರುವುದರಿಂದ ಫ್ರೀಜರ್‌ನಲ್ಲಿಡಿ, ಇಲ್ಲದಿದ್ದರೆ ಕಮಟಾಗುತ್ತದೆ.

ಒಂದು ಕಪ್ ನುಚ್ಚಿಗೆ ಮೂರು ಕಪ್ ತಣ್ಣೀರು ಹಾಕಿ ಕಲಕಿ. ತೇಲುವ ಹೊಟ್ಟನ್ನು ಟೀ ಸೋಸುವ ಜಾಲರಿಯಿಂದ ತೆಗೆಯಿರಿ. ರಾತ್ರಿಯೇ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ದಪ್ಪ ತಳದ ಪಾತ್ರೆಯಲ್ಲಿ ಅದೇ ನೀರಿನೊಂದಿಗೆ ಒಲೆಗಿಟ್ಟು ಆಗಲೇ ಒಂದು ಚಮಚ ಉಪ್ಪು ಹಾಕಿ. ಮೊದಲ ಕುದಿ ಬರುವವರೆಗೂ ಸೌಟು ನಿಲ್ಲಕೂಡದು. ನುಚ್ಚು ತಳಕ್ಕೆ ಕುಳಿತು ಹತ್ತಿಕೊಳ್ಳುವುದು, ಗಂಟಾಗುವುದು ಈ ಕೆಲವೇ ನಿಮಿಷಗಳಲ್ಲಿ.

ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಆಯಿತೆಂದು ಬಹಳ ಜನ ಉರಿ ಆರಿಸುವುದು ಇಲ್ಲೇ! ದಯವಿಟ್ಟು ಆರಿಸಬೇಡಿ. ಗಟ್ಟಿಯಾಗಿದೆ ಅಷ್ಟೇ, ಬೆಂದಿಲ್ಲ. ಉರಿಯನ್ನು ತೀರಾ ಸಣ್ಣ ಮಾಡಿ. ಗುಳ್ಳೆ ಆಗೊಂದು ಈಗೊಂದು ಒಡೆಯಬೇಕು. ಮುಚ್ಚಿಡಿ. ಐದೈದು ನಿಮಿಷಕ್ಕೆ ಚಪ್ಪಟೆ ಮರದ ಸೌಟಿನಿಂದ ತಳ ಮುಟ್ಟಿ ತಿರುವಿ. ಬಿಗಿಯಾದಾಗಲೆಲ್ಲ ಅರ್ಧ ಕಪ್ ಬಿಸಿ ಹಾಲು ಸೇರಿಸಿ, ಒಟ್ಟು ಒಂದೂವರೆ ಕಪ್‌ವರೆಗೆ. ಹಾಲನ್ನು ಮೊದಲೇ ಸುರಿದರೆ ತಳ ಹಿಡಿಯುತ್ತದೆ. ಹಿಡಿದರೆ ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ.

ಸುಮಾರು ಒಂದು ತಾಸಿಗೆ ಒಂದು ಕಾಳನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ. ನಡುವೆ ಗಟ್ಟಿ ಬಿಳಿ ಚುಕ್ಕೆ ಸಿಕ್ಕರೆ ಇನ್ನೂ ಬೇಕು. ತಟ್ಟೆಗೆ ಹಾಕಿದರೆ ಗುಡ್ಡೆಯಾಗಿ ನಿಲ್ಲದೆ ನಿಧಾನಕ್ಕೆ ಹರಡುವುದೇ ಹದ. ಇಳಿಸಿ, 50 ಗ್ರಾಂ ಬೆಣ್ಣೆ, ಕಾಳುಮೆಣಸಿನ ಪುಡಿ ಕಲಸಿ. ಕ್ರೀಮ್ ಬೇಡವೇ ಬೇಡ, ನುಣುಪು ನುಚ್ಚಿನ ಪಿಷ್ಟದಿಂದಲೇ ಬರುತ್ತದೆ. ಚೀಸ್ ಹಾಕಿದರೆ ಮಾಂಸದ ಸಾರಿನ ರುಚಿ ಮುಚ್ಚಿಹೋಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಕುರಿಯ ಭುಜದ ಮಾಂಸ ತನ್ನಿ, ಗಿರಣಿಯಲ್ಲಿ ಗೋವಿನಜೋಳದ ನುಚ್ಚು ಒಡೆಸಿ. ಉಳಿದದ್ದೆಲ್ಲ ಇದೇ ಕ್ರಮ.

ಮಾಂಸ ಓವನ್ ಸೇರಿ ಎರಡು ತಾಸಾದ ಮೇಲೆ ನುಚ್ಚು ಒಲೆಗಿಟ್ಟರೆ ಎರಡೂ ಒಟ್ಟಿಗೆ ಮುಗಿಯುತ್ತವೆ. ಆರಿದರೆ ಗ್ರಿಟ್ಸ್ ಹೆಪ್ಪುಗಟ್ಟುವುದರಿಂದ ಬಿಸಿಯಿರುವಾಗಲೇ ಬಡಿಸಿ. ಉಳಿದದ್ದನ್ನು ತಟ್ಟೆಯಲ್ಲಿ ಹರಡಿ ಫ್ರಿಜ್‌ನಲ್ಲಿಟ್ಟು, ಮರುದಿನ ತುಂಡು ಮಾಡಿ ಬೆಣ್ಣೆಯಲ್ಲಿ ಎರಡೂ ಮಗ್ಗುಲು ಕರಿಯಿರಿ.